‘ಸೂಪರ್’ ಅನ್ನುವ ಮೊದಲು ಒಮ್ಮೆ ಫೋಟೋ ನೋಡೋಣ



ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗ ಮದುವೆ ಫೋಟೋ ತೆಗೆಯುವ ಒಂದು ಸ್ಟುಡಿಯೋಗೆ ಸಹಾಯಕನಾಗಿ ಸೇರಲು ಹೋದ. ಮೂರು ವರ್ಷಗಳಿಂದ ನಮ್ಮ ಚರ್ಚಿನ ಹಬ್ಬ, ಪ್ರಥಮ ಪರಮಪ್ರಸಾದ, ಶ್ರಮದಾನ, ಕ್ರಿಕೆಟ್ ಪಂದ್ಯ ಎಲ್ಲದರ ಫೋಟೋ ತೆಗೆದವನು ಅವನೇ. ನಾವೆಲ್ಲ ಬೆನ್ನು ತಟ್ಟಿದ್ದೇ ತಟ್ಟಿದ್ದು. ಸ್ಟುಡಿಯೋದ ಯಜಮಾನರು ಅವನ ಚಿತ್ರಗಳನ್ನು ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ ಹಾಕಿ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರಂತೆ. ಪರಮಪ್ರಸಾದದ ಮಕ್ಕಳ ಬಿಳಿ ಉಡುಪಿನಲ್ಲಿ ಒಂದು ನೆರಿಗೆಯೂ ಕಾಣುವುದಿಲ್ಲ, ಸುಣ್ಣದ ಗೋಡೆಯ ಹಾಗಿದೆ. "ಮದುವೆಯಲ್ಲಿ ಮದುಮಗಳ ಗೌನೂ ಹೀಗೆ ಬಂದರೆ ಅವರಿಗೆ ನಾನೇನು ಉತ್ತರ ಹೇಳಲಿ? ಇನ್ನೂ ಸ್ವಲ್ಪ ಕಲಿತು ಬಾ" ಎಂದು ಕಳಿಸಿದರು.

ಅವನು ಅವರ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾದದ್ದು ನನ್ನ ಮೇಲೆ. ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ತಡೆದು ಕೇಳಿದ: "ಬಿಳಿ ಬಟ್ಟೆ ಸುಟ್ಟುಹೋಗಿದೆ ಎಂದು ನಿನಗೆ ಮೊದಲೇ ಗೊತ್ತಿತ್ತಾ?"

ಗೊತ್ತಿತ್ತು.

"ಮತ್ತೆ ಯಾಕೆ ಹೇಳಲಿಲ್ಲ?"

ನನ್ನ ಬಳಿ ಉತ್ತರ ಇರಲಿಲ್ಲ. ಅವನಿಗೆ ಬೇಸರ ಆಗದಿರಲಿ ಎಂದು ಹೇಳಲಿಲ್ಲ ಅಂದುಕೊಂಡಿದ್ದೆ. ಆಮೇಲೆ ಯೋಚಿಸಿದಾಗ ಅದೂ ಪೂರ್ತಿ ನಿಜವಲ್ಲ ಅನ್ನಿಸಿತು. ಹೇಳಬೇಕಾದರೆ ಆ ಫೋಟೋವನ್ನು ಸರಿಯಾಗಿ ನೋಡಬೇಕು, ಅವನ ಜೊತೆ ಹತ್ತು ನಿಮಿಷ ಕೂರಬೇಕು. ಹೆಬ್ಬೆರಳು ಒತ್ತಲು ಒಂದು ಸೆಕೆಂಡೂ ಬೇಡ. ನಾನು ಉಳಿಸಿಕೊಂಡದ್ದು ನನ್ನ ಸಮಯವನ್ನು, ಅವನ ಮನಸ್ಸನ್ನಲ್ಲ.

ನಮ್ಮ ಕಾಸರಗೋಡಿನವರು ಮಾತಿಗೆ ಬಡವರಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ. ನಾಲ್ಕು ಭಾಷೆ ನಾಲಗೆಯ ತುದಿಯಲ್ಲಿದೆ. ಆದರೆ ಯಾರಾದರೂ ಒಂದು ಫೋಟೋ ತೋರಿಸಿದರೆ ನಾಲ್ಕೂ ಭಾಷೆಯಲ್ಲಿ ನಮಗೆ ಬರುವುದು ಒಂದೇ ಪದ: ‘ಸೂಪರ್’. ತೆನೆ ಹಬ್ಬದ ಸಂಜೆ ವಾಟ್ಸಾಪ್ ಗುಂಪಿಗೆ ನೂರಾರು ಚಿತ್ರ ಬರುತ್ತವೆ. ಚೆನ್ನಾಗಿರುವುದಕ್ಕೂ ಸೂಪರ್, ಮಸುಕಾಗಿರುವುದಕ್ಕೂ ಸೂಪರ್, ಬೆರಳು ಅಡ್ಡ ಬಂದದ್ದಕ್ಕೂ ಸೂಪರ್. ಎಲ್ಲದಕ್ಕೂ ಸಲ್ಲುವ ಮಾತು ಯಾವುದಕ್ಕೂ ಸಲ್ಲುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ನಮ್ಮಲ್ಲಿದೆ. ಅದರಲ್ಲೂ ನನಗೆ ಪಾಲಿದೆ, ಅದನ್ನೂ ಹೇಳಿಬಿಡುತ್ತೇನೆ. ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದ ಹಬ್ಬದ ಮಧ್ಯಾಹ್ನ, ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಒಂದು ಫೋಟೋ ಹಾಕಿದಳು. ಚರ್ಚಿನಿಂದ ತಂದ ತೆನೆಯ ಕಾಳನ್ನು ಅವಳ ಅಜ್ಜಿ ಅಡುಗೆಮನೆಯಲ್ಲಿ ಕೂತು ಉಗುರಿನಿಂದ ಸುಲಿಯುತ್ತಿದ್ದಾರೆ. ಹಿಂದೆ ಕಿಟಕಿ. ಕಿಟಕಿ ಬೆಳ್ಳಗೆ ಹೊಳೆಯುತ್ತಿದೆ, ಅಜ್ಜಿಯ ಮುಖ ಕಪ್ಪು. ಯಾರೋ "ಕರೆಂಟ್ ಇರಲಿಲ್ಲವಾ?" ಎಂದು ಬರೆದರು. ಅದಕ್ಕೆ ಏಳೆಂಟು ನಗುವ ಮುಖಗಳು ಬಿದ್ದವು. ಅದರಲ್ಲಿ ಒಂದು ನನ್ನದು. ಅರ್ಧ ಗಂಟೆಯಲ್ಲಿ ಅವಳು ಫೋಟೋ ಅಳಿಸಿದಳು. ಆಮೇಲೆ ಕ್ರಿಸ್ಮಸ್ ಬಂತು, ಚರ್ಚಿನ ವಾರ್ಷಿಕ ಹಬ್ಬ ಬಂತು. ಅವಳಿಂದ ಒಂದು ಚಿತ್ರವೂ ಬರಲಿಲ್ಲ.

ಆ ದಿನ ಬಂದ ಎಲ್ಲ ಫೋಟೋಗಳಲ್ಲಿ ಹಬ್ಬ ಚರ್ಚಿನ ಅಂಗಳದಲ್ಲೇ ಮುಗಿದಿತ್ತು: ಹೂ ಹಿಡಿದ ಮಕ್ಕಳು, ಮೇರಿ ಮಾತೆಯ ಪುಟ್ಟ ಪ್ರತಿಮೆ, ಕಬ್ಬು, ಸೆಲ್ಫಿ. ತೆನೆ ಮನೆಗೆ ಹೋದ ಮೇಲೆ ಏನಾಗುತ್ತದೆ, ಯಾರ ಕೈ ಅದನ್ನು ಸುಲಿದು ಹಾಲಿಗೆ ಹಾಕುತ್ತದೆ ಎಂದು ನೋಡಿದ್ದು ಆ ಹುಡುಗಿ ಒಬ್ಬಳೇ. ಅಷ್ಟು ಜನರ ನಡುವೆ ಅವಳಿಗಷ್ಟೇ ಹೊಳೆದ ಸಂಗತಿಗೆ ನಾವು ಕರೆಂಟಿನ ತಮಾಷೆ ಮಾಡಿದೆವು.

ಹೊಗಳಿಕೆಯಿಂದ ಒಬ್ಬ ಹಾಳಾದ, ಗೇಲಿಯಿಂದ ಒಬ್ಬಳು ನಿಂತಳು. ನೋಡಲು ಇವು ಎರಡು ಬೇರೆ ತಪ್ಪುಗಳು. ಬೇರು ಒಂದೇ ಎಂದು ನನ್ನ ಅಭಿಪ್ರಾಯ: ಎರಡೂ ಕಡೆ ಫೋಟೋವನ್ನು ಯಾರೂ ನೋಡಲಿಲ್ಲ. ಒಳ್ಳೆಯ ವಿಮರ್ಶೆ ಎಂದರೆ ಸಿಹಿ ಮಾತೂ ಅಲ್ಲ, ಕಹಿ ಮಾತೂ ಅಲ್ಲ. ಮೊದಲು ಕಣ್ಣಿಟ್ಟು ನೋಡುವುದು, ಆಮೇಲೆ ಕಂಡದ್ದನ್ನು ಹೇಳುವುದು.

ಬೈಬಲ್ಲಿನಲ್ಲಿ ಇದಕ್ಕೆ ಒಂದು ಚೆಂದದ ಉದಾಹರಣೆ ಇದೆ. ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯ ತೆರೆದು ನೋಡಿ. ಅಲೆಕ್ಸಾಂಡ್ರಿಯದ ಅಪೊಲ್ಲೋಸ ಒಳ್ಳೆಯ ಮಾತುಗಾರ, ಧರ್ಮಗ್ರಂಥ ಬಲ್ಲವನು. ಎಫೆಸದ ಪ್ರಾರ್ಥನಾಮಂದಿರದಲ್ಲಿ ಧೈರ್ಯವಾಗಿ ಯೇಸುವಿನ ಬಗ್ಗೆ ಮಾತಾಡುತ್ತಿದ್ದ. ಆದರೆ ಅವನಿಗೆ ಯೊವಾನ್ನನ ಸ್ನಾನದೀಕ್ಷೆಯವರೆಗೆ ಮಾತ್ರ ಗೊತ್ತಿತ್ತು. ಡೇರೆ ಮಾಡುವ ಕಸುಬಿನ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ ಅವನ ಮಾತು ಕೇಳಿದರು. ಸಭೆಯ ನಡುವೆ ಎದ್ದು ನಿಂತು ತಿದ್ದಲಿಲ್ಲ. "ಅದ್ಭುತ ಪ್ರಸಂಗ" ಎಂದು ಕೈಕುಲುಕಿ ಮನೆಗೂ ಹೋಗಲಿಲ್ಲ. ಅವನನ್ನು ತಮ್ಮ ಜೊತೆ ಕರೆದುಕೊಂಡು ಹೋಗಿ, ಅವನಿಗೆ ಗೊತ್ತಿಲ್ಲದ್ದನ್ನು ಇನ್ನಷ್ಟು ಸ್ಪಷ್ಟವಾಗಿ ವಿವರಿಸಿದರು. ಮುಂದೆ ಅಪೊಲ್ಲೋಸ ಅಖಾಯಕ್ಕೆ ಹೋಗಿ ಅಲ್ಲಿನ ವಿಶ್ವಾಸಿಗಳಿಗೆ ದೊಡ್ಡ ಸಹಾಯವಾದ.

ಅವರು ಮೊದಲು ಪೂರ್ತಿ ಕೇಳಿಸಿಕೊಂಡರು. ಬದಿಗೆ ಕರೆದು ಹೇಳಿದರು. ಅವನಲ್ಲಿ ಇದ್ದದ್ದನ್ನು ಕೆಡವಲಿಲ್ಲ, ಇಲ್ಲದ್ದನ್ನು ಸೇರಿಸಿದರು. ಇದನ್ನೇ ನಮ್ಮ ಫೋಟೋಗಳಿಗೂ ಹಚ್ಚಿ ನೋಡೋಣ.

ಮೊದಲನೆಯದಾಗಿ, ಕಂಡದ್ದನ್ನು ಹೇಳಿ, ತೀರ್ಪನ್ನಲ್ಲ. "ಚೆನ್ನಾಗಿಲ್ಲ" ಎಂಬುದು ತೀರ್ಪು. "ನನ್ನ ಕಣ್ಣು ಮೊದಲು ಕಿಟಕಿಗೆ ಹೋಯಿತು, ಅಜ್ಜಿಯ ಕೈ ಆಮೇಲೆ ಕಂಡಿತು" ಎಂಬುದು ಕಂಡದ್ದು. ಮೊದಲನೆಯ ಮಾತಿನಿಂದ ತೆಗೆದವರಿಗೆ ಏನೂ ಸಿಗುವುದಿಲ್ಲ. ಎರಡನೆಯದರಿಂದ ಎಲ್ಲವೂ ಸಿಗುತ್ತದೆ, ಯಾಕೆಂದರೆ ತಮ್ಮ ಚಿತ್ರ ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ತೆಗೆದವರಿಗೆ ತಾವಾಗಿ ತಿಳಿಯುವುದೇ ಇಲ್ಲ. ಅವರಿಗೆ ಆ ಅಡುಗೆಮನೆಯ ವಾಸನೆ, ಅಜ್ಜಿಯ ಸ್ವರ ಎಲ್ಲ ನೆನಪಿದೆ. ನಮಗೆ ಇರುವುದು ಚೌಕಟ್ಟಿನ ಒಳಗಿನದ್ದು ಮಾತ್ರ.

ಎರಡನೆಯದು, ಕೇಳಿ. "ನೀನು ಏನು ತೋರಿಸಬೇಕೆಂದಿದ್ದೆ?" ಮುಖವೇ? ಕೈಯೇ? ಇಡೀ ಅಡುಗೆಮನೆಯೇ? ಉತ್ತರ ಗೊತ್ತಿಲ್ಲದೆ ಸಲಹೆ ಕೊಟ್ಟರೆ ನಾವು ಹೇಳುವುದು ನಮ್ಮ ಫೋಟೋದ ಬಗ್ಗೆ, ಅವಳ ಫೋಟೋದ ಬಗ್ಗೆ ಅಲ್ಲ. ಕಪ್ಪು ಆಕೃತಿಯೇ ಬೇಕೆಂದು ತೆಗೆದಿದ್ದರೆ ಅದು ತಪ್ಪೇ ಅಲ್ಲ.

ಮೂರನೆಯದು, ಒಂದೇ ಒಂದು ತಿದ್ದುಪಡಿ ಹೇಳಿ, ಅದರ ಕಾರಣವನ್ನೂ ಹೇಳಿ. ಹತ್ತು ತಪ್ಪು ಪಟ್ಟಿ ಮಾಡಿದರೆ ಒಂದೂ ನೆನಪಿರುವುದಿಲ್ಲ. ಕಾರಣ ತಿಳಿದರೆ ಮಾತ್ರ ಮುಂದಿನ ಸಲ ಬೇರೆ ಜಾಗದಲ್ಲೂ ಉಪಯೋಗಕ್ಕೆ ಬರುತ್ತದೆ. ನಮ್ಮ ಚರ್ಚಿನ ಫೋಟೋಗಳಲ್ಲಿ ಮತ್ತೆ ಮತ್ತೆ ಬರುವ ನಾಲ್ಕು ಸಂಗತಿಗಳನ್ನು ತೆಗೆದುಕೊಳ್ಳುತ್ತೇನೆ.

ಬಿಳಿ ಉಡುಪು. ಪರಮಪ್ರಸಾದದ ಮಕ್ಕಳನ್ನು ಚರ್ಚಿನ ಬಾಗಿಲಲ್ಲಿ ಬಿಸಿಲಿಗೆ ನಿಲ್ಲಿಸುತ್ತೇವೆ, ಹಿಂದೆ ಒಳಗಿನ ಕತ್ತಲು. ಮೊಬೈಲ್ ಇಡೀ ದೃಶ್ಯದ ಸರಾಸರಿ ಬೆಳಕು ಅಳೆಯುತ್ತದೆ. ಕತ್ತಲು ಹೆಚ್ಚಿದ್ದರೆ "ಬೆಳಕು ಸಾಲದು" ಎಂದುಕೊಂಡು ಚಿತ್ರವನ್ನು ಬೆಳಗಿಸುತ್ತದೆ. ಆಗ ಉಡುಪು ಸುಡುತ್ತದೆ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 0ಯಿಂದ 255ರವರೆಗೆ 256 ಮೆಟ್ಟಿಲುಗಳಿವೆ. ನೆರಿಗೆಯೂ 255, ಪಕ್ಕದ ಬಟ್ಟೆಯೂ 255 ಆದರೆ ಎರಡರ ನಡುವಿನ ವ್ಯತ್ಯಾಸ ಚಿತ್ರದಲ್ಲಿ ಉಳಿದೇ ಇಲ್ಲ. ಯಾವ ಆ್ಯಪ್ ಕೂಡ ಅದನ್ನು ವಾಪಸ್ ತರಲಾರದು. ಕತ್ತಲಾದ ಭಾಗವನ್ನಾದರೂ ಆಮೇಲೆ ಸ್ವಲ್ಪ ಎತ್ತಬಹುದು. ಹಾಗಾಗಿ ಹೇಳಬೇಕಾದ ಮಾತು ಇಷ್ಟೇ: "ಪರದೆಯಲ್ಲಿ ಆ ಬಿಳಿ ಬಟ್ಟೆಯ ಮೇಲೆ ಬೆರಳು ಒತ್ತು, ಸೂರ್ಯನ ಚಿಹ್ನೆಯನ್ನು ಸ್ವಲ್ಪ ಕೆಳಗೆ ಎಳೆ, ಆಮೇಲೆ ತೆಗೆ." ಮೂರು ವರ್ಷ ನಾನು ಹೇಳದೆ ಉಳಿದದ್ದು ಈ ಒಂದು ವಾಕ್ಯ.

ಫ್ಲಾಶ್. ಹಿಂದಿನ ಬೆಂಚಿನಿಂದ ಪೀಠದ ಕಡೆಗೆ ಮೊಬೈಲಿನ ಫ್ಲಾಶ್ ಹೊಡೆಯುವವರು ಪ್ರತಿ ಹಬ್ಬದಲ್ಲೂ ಇರುತ್ತಾರೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಾಗುತ್ತದೆ. 1 ಮೀಟರ್ ದೂರದಲ್ಲಿ ಬೀಳುವ ಬೆಳಕಿನ ನೂರನೇ ಒಂದು ಭಾಗ ಮಾತ್ರ 10 ಮೀಟರ್ ದೂರದಲ್ಲಿ ಬೀಳುತ್ತದೆ. ಪೀಠ ಬೆಳಗುವುದಿಲ್ಲ, ಮುಂದೆ ಕೂತವರ ತಲೆಗೂದಲು ಬೆಳಗುತ್ತದೆ, ಪ್ರಾರ್ಥಿಸುವವರ ಗಮನ ಕೆಡುತ್ತದೆ. "ಫ್ಲಾಶ್ ಹಾಕಬೇಡ" ಎಂದು ಗದರುವ ಬದಲು ಈ ಲೆಕ್ಕ ಹೇಳಿದರೆ ಹುಡುಗರು ತಾವಾಗಿಯೇ ನಿಲ್ಲಿಸುತ್ತಾರೆ. ನಾನು ಹೇಳಿ ನೋಡಿದ್ದೇನೆ.

ಝೂಮ್. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದರೆ, ಬೇರೆ ಝೂಮ್ ಲೆನ್ಸ್ ಇಲ್ಲದ ಮೊಬೈಲ್ ಹತ್ತಿರ ಹೋಗುವುದಿಲ್ಲ, ಸುತ್ತಲಿನದ್ದನ್ನು ಕತ್ತರಿಸುತ್ತದೆ ಅಷ್ಟೇ. ಎರಡು ಪಟ್ಟು ಝೂಮ್ ಮಾಡಿದರೆ 12 ಮೆಗಾಪಿಕ್ಸೆಲಿನಲ್ಲಿ 3 ಮಾತ್ರ ಉಳಿಯುತ್ತದೆ. "ನಾಲ್ಕು ಹೆಜ್ಜೆ ಮುಂದೆ ಹೋಗಿ ತೆಗೆ" ಎಂಬುದೇ ಸರಿಯಾದ ಸಲಹೆ. ಹೋಗುವ ಹಾಗಿಲ್ಲದಿದ್ದರೆ ಝೂಮ್ ಬಿಟ್ಟು ಅಗಲವಾಗಿಯೇ ತೆಗೆಯಲಿ.

ಮೆರವಣಿಗೆ. ಮೇಣದಬತ್ತಿ ಹಿಡಿದು ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಡೆಯುವವರು ಸೆಕೆಂಡಿಗೆ ಸುಮಾರು 1.1 ಮೀಟರ್ ಮುಂದೆ ಹೋಗುತ್ತಾರೆ. ಕತ್ತಲಲ್ಲಿ ಕ್ಯಾಮೆರಾದ ಕಣ್ಣು ಸೆಕೆಂಡಿನ ಹತ್ತನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಅವರು 11 ಸೆಂಟಿಮೀಟರ್ ಸರಿದಿರುತ್ತಾರೆ. ಮಸುಕಾಗದೆ ಇನ್ನೇನು? ಇಲ್ಲಿ "ಕೈ ಅಲುಗಿಸಬೇಡ" ಎಂಬ ಸಲಹೆ ತಪ್ಪು, ಯಾಕೆಂದರೆ ಅಲುಗಿದ್ದು ಅವನ ಕೈಯಲ್ಲ. "ಜನರು ಪ್ರಾರ್ಥನೆಗೆ ನಿಲ್ಲುವ ಜಾಗದಲ್ಲಿ ಕಾದು ತೆಗೆ" ಎಂಬುದು ಸರಿಯಾದ ಸಲಹೆ. ತಪ್ಪು ಕಾರಣ ಹೇಳಿದರೆ ಹುಡುಗ ತನ್ನ ಕೈಯ ಮೇಲೆ ವಿಶ್ವಾಸ ಕಳೆದುಕೊಳ್ಳುತ್ತಾನೆ, ಫೋಟೋ ಮಾತ್ರ ಹಾಗೆಯೇ ಮಸುಕಾಗಿ ಬರುತ್ತದೆ. ಗೊತ್ತಿಲ್ಲದಿದ್ದರೆ "ಮಸುಕಾಗಿದೆ, ಯಾಕೆಂದು ನೋಡೋಣ" ಎಂದರೆ ಸಾಕು.

ಇನ್ನೊಂದು ಎಚ್ಚರಿಕೆ. ಸಾಮಾನ್ಯವಾಗಿ ಕಳಿಸುವಾಗ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ. ಗುಂಪಿಗೆ ಬಂದ ಪ್ರತಿಯನ್ನು ನೋಡಿ "ಶಾರ್ಪ್ ಇಲ್ಲ" ಎಂದು ಹೇಳುವುದು ನ್ಯಾಯವಲ್ಲ. ಅವರ ಮೊಬೈಲಿನಲ್ಲೇ ನೋಡಿ, ಅಥವಾ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಗೆಯೇ ಮೊಬೈಲಿನ ಬೆಲೆಯ ಮಾತು ಬೇಡ. "ಒಳ್ಳೆಯ ಫೋನ್ ತಗೋ" ಎಂಬುದು ಸಲಹೆಯಲ್ಲ. ಅಪ್ಪ ಅಡಿಕೆ ಸುಲಿಯುವ ಕೂಲಿಗೆ ಹೋಗುವ ಮನೆಯ ಹುಡುಗನಿಗೆ ಅದು ಬಾಗಿಲು ಹಾಕಿದಂತೆ.

ಇಷ್ಟು ಹೇಳಿದ ಮೇಲೆ ಕೆಲವರು ಕೇಳಬಹುದು: "ಮಕ್ಕಳು ಖುಷಿಗೆ ತೆಗೆಯುತ್ತಾರೆ, ಅವರೇನು ಸ್ಪರ್ಧೆಗೆ ಕಳಿಸುತ್ತಾರಾ? ಇಷ್ಟೆಲ್ಲ ಯಾಕೆ?" ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಎಲ್ಲ ಫೋಟೋಕ್ಕೂ ವಿಮರ್ಶೆ ಬೇಕಾಗಿಲ್ಲ. ತೀರಿಹೋದ ಅಜ್ಜನ ಕೊನೆಯ ಫೋಟೋವನ್ನು ಯಾರಾದರೂ ಹಾಕಿದರೆ ಅದರ ಬೆಳಕಿನ ಬಗ್ಗೆ ಮಾತಾಡುವವನು ಮೂರ್ಖ. ಮಗುವಿನ ಹುಟ್ಟುಹಬ್ಬದ ಚಿತ್ರಕ್ಕೆ ಶುಭಾಶಯ ಸಾಕು. ಆದ್ದರಿಂದ ಹೇಳುವ ಮೊದಲು "ಒಂದು ವಿಷಯ ಹೇಳಲಾ?" ಎಂದು ಕೇಳುವುದು ಒಳ್ಳೆಯದು. ಬೇಡ ಎಂದರೆ ಬೇಡ. ಆದರೆ ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಎಂಟು ಮಂದಿ "ಹೇಳು" ಅನ್ನುತ್ತಾರೆ. ಫೋಟೋ ಹಾಕಿದವರಿಗೆ ಬೇಕಾದದ್ದು ಹೊಗಳಿಕೆ ಎಂದು ನಾವು ಭಾವಿಸಿದ್ದೇವೆ. ಅವರಿಗೆ ಹೆಚ್ಚು ಬೇಕಾದದ್ದು ಯಾರಾದರೂ ನಿಂತು ನೋಡುವುದು.

ಒಂದು ಬಗೆಯ ಫೋಟೋಕ್ಕೆ ಮಾತ್ರ ಅನುಮತಿ ಕೇಳದೆಯೂ ಹೇಳಲೇಬೇಕು. ಬಡ ಕುಟುಂಬಕ್ಕೆ ಅಕ್ಕಿ ಚೀಲ ಕೊಡುವಾಗ ತೆಗೆದುಕೊಳ್ಳುವವರ ಮುಖ ಕ್ಯಾಮೆರಾದ ಕಡೆ ತಿರುಗಿಸಿ ತೆಗೆದದ್ದು, ಹಾಸಿಗೆ ಹಿಡಿದ ರೋಗಿಯ ಪಕ್ಕ ನಿಂತು ಗುಂಪು ಫೋಟೋ, ಪಾಪನಿವೇದನೆಗೆ ಸಾಲು ನಿಂತವರ ಚಿತ್ರ, ಚಿಕ್ಕ ಮಕ್ಕಳ ಫೋಟೋವನ್ನು ತಂದೆತಾಯಿಗೆ ತಿಳಿಸದೆ ಎಲ್ಲ ಕಡೆ ಹಾಕುವುದು. ಬೆಳಕು ಎಷ್ಟೇ ಚೆನ್ನಾಗಿರಲಿ, ಚೌಕಟ್ಟು ಎಷ್ಟೇ ನೇರವಾಗಿರಲಿ, ಇಂತಹ ಫೋಟೋದಲ್ಲಿ ಒಬ್ಬರ ಮಾನ ಹೋಗಿದೆ. ಎಡಗೈಗೆ ತಿಳಿಯದಂತೆ ದಾನ ಮಾಡಬೇಕೆಂದು ಪ್ರಭು ಕಲಿಸಿದ್ದನ್ನು ಕೇಳಿ ಬೆಳೆದ ನಾವು ಇದನ್ನು ತೆಗೆದವರಿಗೆ ಫೋನ್ ಮಾಡಿ ಹೇಳಬೇಕು, ಅವತ್ತೇ ಹೇಳಬೇಕು. ಆದರೂ ಗುಂಪಿನಲ್ಲಿ ಅವಮಾನ ಮಾಡಬಾರದು. ಒಬ್ಬರ ಮಾನ ಉಳಿಸಲು ಇನ್ನೊಬ್ಬರ ಮಾನ ಕಳೆಯುವುದು ಬೇಡ.

ಇನ್ನು ಕೇಳಿಸಿಕೊಳ್ಳುವವರಿಗೂ ಎರಡು ಮಾತು. ಯಾರಾದರೂ ತಪ್ಪು ತೋರಿಸಿದ ಕೂಡಲೇ "ಬಿಸಿಲಿತ್ತು, ಜನ ಅಡ್ಡ ಬಂದರು, ಬ್ಯಾಟರಿ ಇರಲಿಲ್ಲ" ಎಂದು ಶುರು ಮಾಡಬೇಡಿ. ನಾನೂ ಅದೇ ಮಾಡುತ್ತಿದ್ದೆ. ಸುಮ್ಮನೆ ಕೇಳಿ, ಮುಂದಿನ ಭಾನುವಾರ ಒಮ್ಮೆ ಹಾಗೆ ತೆಗೆದು ನೋಡಿ, ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೀವೇ ತೀರ್ಮಾನಿಸಿ. ಸಲಹೆ ತಪ್ಪಾಗಿದ್ದರೆ ಬಿಟ್ಟುಬಿಡಿ. ಹೇಳಿದವರು ಪೋಪ್ ಅಲ್ಲ.

ಹಿರಿಯರಿಗೆ, ಅದರಲ್ಲೂ ನಮ್ಮ ಅಪ್ಪ ಅಮ್ಮಂದಿರಿಗೆ ಒಂದು ವಿನಂತಿ. ಮಕ್ಕಳು ಮೊಬೈಲ್ ಹಿಡಿದರೆ "ಇಡು ಅದನ್ನು" ಎನ್ನುತ್ತೀರಿ, ಸರಿಯೇ. ಆದರೆ ಅವರು ಒಂದು ಫೋಟೋ ತಂದು ತೋರಿಸಿದರೆ ಆ ಒಂದು ನಿಮಿಷ ನೋಡಿ. "ಇದರಲ್ಲಿ ನನಗೆ ಇದು ಇಷ್ಟವಾಯಿತು" ಎಂದು ಬೆರಳಿಟ್ಟು ತೋರಿಸಿ. ಅದಕ್ಕೆ ಫೋಟೋಗ್ರಾಫಿ ಗೊತ್ತಿರಬೇಕಾಗಿಲ್ಲ.

ಕೊನೆಗೆ ನನ್ನ ಪ್ರಸ್ತಾಪ. ಈ ಸಲದ ತೆನೆ ಹಬ್ಬ ಮುಗಿದ ಮೇಲಿನ ಭಾನುವಾರ, ಪೂಜೆಯ ಬಳಿಕ ಹಾಲ್‌ನಲ್ಲಿ ಒಂದು ಗಂಟೆ ಕೂರೋಣ. ಹತ್ತೇ ಹತ್ತು ಫೋಟೋ, ಗೋಡೆಯ ಮೇಲೆ ದೊಡ್ಡದಾಗಿ, ತೆಗೆದವರ ಹೆಸರಿಲ್ಲದೆ. ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳಲ್ಲಿಯೂ ತೀರ್ಪುಗಾರರಿಗೆ ಹೆಸರು ತೋರಿಸುವುದಿಲ್ಲ. ಹೆಸರಿಲ್ಲದಿದ್ದರೆ ಗುರಿಕಾರರ ಮಗನ ಫೋಟೋ, ಹೊಸದಾಗಿ ಬಂದ ಕುಟುಂಬದ ಹುಡುಗಿಯ ಫೋಟೋ ಎಂಬ ಭೇದ ಇರುವುದಿಲ್ಲ. ಪ್ರತಿಯೊಂದಕ್ಕೂ ಐದು ನಿಮಿಷ: ಏನು ಕಂಡಿತು, ಏನು ಇಷ್ಟವಾಯಿತು, ಮುಂದಿನ ಸಲ ಒಂದು ಬದಲಾವಣೆ ಏನು. ಆ ಗಂಟೆಯಲ್ಲಿ ‘ಸೂಪರ್’ ಎಂದು ಹೇಳಿದವರು ಚಹಾದ ಲೋಟ ತೊಳೆಯಬೇಕು.

ಸ್ಟುಡಿಯೋದಿಂದ ವಾಪಸ್ ಬಂದ ಹುಡುಗ ಮೊದಲ ಚಿತ್ರ ಕೊಡಲು ಒಪ್ಪಿದ್ದಾನೆ. ಅವನು ಈಗ ಬಿಳಿ ಬಟ್ಟೆ ಕಂಡಲ್ಲೆಲ್ಲ ನಿಂತು ತೆಗೆಯುತ್ತಾನೆ, ಒಗೆದು ಹಾಕಿದ ಮುಂಡನ್ನೂ ಬಿಡುವುದಿಲ್ಲ.

ಆ ಹುಡುಗಿಯ ಮನೆಗೆ ಕಳೆದ ತಿಂಗಳು ಹೋಗಿದ್ದೆ. ನಗುವ ಮುಖ ಹಾಕಿದ್ದಕ್ಕೆ ಕ್ಷಮೆ ಕೇಳಿದೆ. "ಪರವಾಗಿಲ್ಲ" ಎಂದಳು, ಅದು ಪರವಾಗಿಲ್ಲದ ಸ್ವರವಾಗಿರಲಿಲ್ಲ. ಅಳಿಸಿದ ಫೋಟೋ ಈಗ ಇಲ್ಲ. ಅವಳ ಅಜ್ಜಿ ಅದೇ ಕಿಟಕಿಯ ಮುಂದೆ ಕೂತು ತೆಂಗಿನಗರಿಯ ಕಡ್ಡಿ ಗೀರುತ್ತಿದ್ದರು. ನಾನು ಹೇಳಿದ್ದು ಒಂದೇ ಮಾತು: "ಅಜ್ಜಿ ಅಲ್ಲೇ ಇರಲಿ, ನೀನು ಕಿಟಕಿಯ ಬದಿಗೆ ಬಂದು ನಿಂತರೆ ಬೆಳಕು ಅವರ ಕೈಯ ಮೇಲೆ ಬೀಳುವುದು ನಿನಗೆ ಕಾಣುತ್ತದೆ." ಅವಳು ಫೋಟೋ ತೆಗೆಯಲಿಲ್ಲ. ಆದರೆ ನಾನು ಹೊರಡುವಾಗ ತಿರುಗಿ ನೋಡಿದರೆ, ಕಿಟಕಿಯ ಬದಿಗೆ ಬಂದು ನಿಂತು ಅಜ್ಜಿಯ ಕೈಯನ್ನೇ ನೋಡುತ್ತಿದ್ದಳು.

ಸೆಪ್ಟೆಂಬರ್ 8ಕ್ಕೆ ಅವಳ ಚಿತ್ರ ಬಂದರೆ, ದಯವಿಟ್ಟು ಯಾರೂ ಹೆಬ್ಬೆರಳು ಒತ್ತಬೇಡಿ. ಏನು ಕಂಡಿತು ಎಂದು ಬರೆಯಿರಿ.